ಸಂವಿಧಾನಕ್ಕೆ ಅಪಾಯ ಬರುವುದು ಕಡತದ ಮೂಲಕ

ಪ್ರಜಾಪ್ರಭುತ್ವದ ಅಂತ್ಯವೆಂದರೆ ನಮ್ಮ ಕಣ್ಣಮುಂದೆ ಸಾಮಾನ್ಯವಾಗಿ ಮೂಡುವ ಚಿತ್ರ ಒಂದೇ: ರಾಜಧಾನಿಯ ಬೀದಿಗಳಲ್ಲಿ ಸೇನೆಯ ಟ್ಯಾಂಕುಗಳು, ವಶಪಡಿಸಿಕೊಂಡ ರೇಡಿಯೊ ಕೇಂದ್ರ, ಸಮವಸ್ತ್ರ ತೊಟ್ಟ ಸೇನಾಧಿಕಾರಿಯೊಬ್ಬ ಓದುವ ಘೋಷಣೆ. ನೆರೆಹೊರೆಯ ದೇಶಗಳ ಚರಿತ್ರೆ ಈ ಕಲ್ಪನೆಗೆ ಪುಷ್ಟಿ ಕೊಟ್ಟಿದೆ. ಆದರೆ ಸ್ವತಂತ್ರ ಭಾರತದಲ್ಲಿ ಸಂವಿಧಾನಾತ್ಮಕ ವ್ಯವಸ್ಥೆ ಅತ್ಯಂತ ಗಂಭೀರವಾದ ಪೆಟ್ಟು ತಿಂದಾಗ ಇವುಗಳಲ್ಲಿ ಯಾವುದೂ ನಡೆಯಲಿಲ್ಲ. 1975ರ ಜೂನ್ 25ರ ರಾತ್ರಿ ದೆಹಲಿಯಲ್ಲಿ ನಡೆದದ್ದು ಒಂದು ಪತ್ರದ ರವಾನೆ, ಒಂದು ಅಂಕಿತ, ಕೆಲವು ದೂರವಾಣಿ ಕರೆಗಳು ಹಾಗೂ ಒಂದಿಷ್ಟು ಸಹಿಗಳು. ಬೆಳಗಾಗುವಷ್ಟರಲ್ಲಿ ದೇಶದ ಪ್ರಮುಖ ವಿರೋಧ ಪಕ್ಷಗಳ ನಾಯಕರು ಬಂಧನದಲ್ಲಿದ್ದರು. ಮುಂದಿನ ಇಪ್ಪತ್ತೊಂದು ತಿಂಗಳ ಕಾಲ ದೇಶ ಬೇರೆಯೇ ದೇಶವಾಗಿತ್ತು.

ತುರ್ತು ಪರಿಸ್ಥಿತಿಗೆ ಐವತ್ತು ವರ್ಷ ತುಂಬಿದ 2025ರಲ್ಲಿ ಅದರ ಬಗ್ಗೆ ಬಹಳಷ್ಟು ಮಾತು, ಬರಹ ಬಂದವು. ಅವುಗಳಲ್ಲಿ ಹೆಚ್ಚಿನವು ಒಬ್ಬ ವ್ಯಕ್ತಿಯ ಅಧಿಕಾರದಾಹದ ಸುತ್ತ ಸುತ್ತಿದವು. ಕೆಲವು ಅಂದಿನ ಆಡಳಿತವನ್ನು ಸಮರ್ಥಿಸಿದವು, ಕೆಲವು ಖಂಡಿಸಿದವು. ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಕಡತಗಳ ನಡುವೆ ಕೆಲಸ ಮಾಡಿದ ನನಗೆ ಬೇರೊಂದು ಪ್ರಶ್ನೆ ಮುಖ್ಯವೆನಿಸುತ್ತದೆ. ಮಹತ್ವಾಕಾಂಕ್ಷೆಯ ನಾಯಕರು ಎಲ್ಲ ಕಾಲದಲ್ಲೂ, ಎಲ್ಲ ಪಕ್ಷಗಳಲ್ಲೂ ಇರುತ್ತಾರೆ. ಅಂಥವರ ಇಚ್ಛೆ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಸಾಗುತ್ತಾ ಎಲ್ಲಿಯೂ ತಡೆಯಿಲ್ಲದೆ ರಾಜ್ಯದ ಆದೇಶವಾಗಿ ಮಾರ್ಪಟ್ಟದ್ದು ಹೇಗೆ? ಇದಕ್ಕೆ ಉತ್ತರ ಹುಡುಕದಿದ್ದರೆ ಆ ಅಧ್ಯಾಯದಿಂದ ನಾವು ಕಲಿಯುವುದು ಬಹಳ ಕಡಿಮೆ.

ಸಂವಿಧಾನ ರಚಿಸಿದವರಿಗೆ ಈ ಅಪಾಯ ತಿಳಿದಿರಲಿಲ್ಲವೆಂದಲ್ಲ. ಸಂವಿಧಾನ ಸಭೆಯಲ್ಲಿ 1949ರ ನವೆಂಬರ್ 25ರಂದು ಮಾಡಿದ ಭಾಷಣದಲ್ಲಿ ಡಾ. ಅಂಬೇಡ್ಕರ್ ಅವರು ರಾಜಕೀಯದಲ್ಲಿನ ವ್ಯಕ್ತಿಪೂಜೆ ಅಂತಿಮವಾಗಿ ಸರ್ವಾಧಿಕಾರಕ್ಕೆ ದಾರಿಯೆಂದು ಎಚ್ಚರಿಸಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ತುರ್ತು ಅಧಿಕಾರಗಳ ಚರ್ಚೆ ನಡೆದಾಗ, ಮಂಗಳೂರಿನಲ್ಲಿ ಜನಿಸಿದ ಎಚ್.ವಿ. ಕಾಮತ್ ಅವರು ಜರ್ಮನಿಯ ವೈಮರ್ ಸಂವಿಧಾನದ 48ನೇ ವಿಧಿಯನ್ನು ಸಭೆಗೆ ನೆನಪಿಸಿದರು. ಆ ವಿಧಿ ಅಧ್ಯಕ್ಷರಿಗೆ ಮೂಲಭೂತ ಹಕ್ಕುಗಳನ್ನು ಅಮಾನತಿನಲ್ಲಿಡುವ ಅಧಿಕಾರ ನೀಡಿತ್ತು. 1933ರ ಫೆಬ್ರುವರಿಯಲ್ಲಿ ಸಂಸತ್ ಭವನಕ್ಕೆ ಬೆಂಕಿ ಬಿದ್ದ ಮರುದಿನವೇ ಹಿಟ್ಲರನ ಸರ್ಕಾರ ಅದನ್ನು ಬಳಸಿಕೊಂಡಿತು. ಜರ್ಮನಿಯ ಗಣರಾಜ್ಯ ತನ್ನದೇ ಸಂವಿಧಾನದ ವಿಧಿಯೊಂದರ ಮೂಲಕ ಅಳಿಯಿತೆಂಬುದು ಕಾಮತರ ಆತಂಕದ ಸಾರ. ಸಭೆ ಅವರ ಮಾತನ್ನು ಕೇಳಿತು, ಆದರೆ ಅವರ ತಿದ್ದುಪಡಿಗಳನ್ನು ಒಪ್ಪಲಿಲ್ಲ. ದೇಶ ವಿಭಜನೆಯ ಗಾಯ ಇನ್ನೂ ಹಸಿಯಾಗಿದ್ದ ಕಾಲವದು. ಬಲವಾದ ಕೇಂದ್ರ ಬೇಕೆಂಬ ವಾದಕ್ಕೆ ಸಕಾರಣವೂ ಇತ್ತು.

ಹೀಗೆ 352ನೇ ವಿಧಿಯಲ್ಲಿ ಯುದ್ಧ, ಬಾಹ್ಯ ಆಕ್ರಮಣಗಳ ಜೊತೆಗೆ ‘ಆಂತರಿಕ ಕ್ಷೋಭೆ’ ಎಂಬ ಪದವೂ ಉಳಿಯಿತು. ಆಂತರಿಕ ಕ್ಷೋಭೆ ಎಂದರೇನು, ಅದನ್ನು ಅಳೆಯುವವರು ಯಾರು ಎಂಬುದಕ್ಕೆ ವಿಧಿಯಲ್ಲಿ ಉತ್ತರವಿರಲಿಲ್ಲ. ಇಪ್ಪತ್ತೈದು ವರ್ಷಗಳ ಕಾಲ ಆ ಪದವನ್ನು ಯಾರೂ ಬಳಸಲಿಲ್ಲ. ಬಳಕೆಯಾಗದ ಅಧಿಕಾರವನ್ನು ಜನ ಮರೆಯುತ್ತಾರೆ. ಅಧಿಕಾರದ ಅಗತ್ಯ ಬಿದ್ದವರು ಮಾತ್ರ ಅದನ್ನು ಹುಡುಕಿ ತೆಗೆಯುತ್ತಾರೆ.

1975ರ ಘಟನೆಗಳಿಗೆ ಎರಡು ವರ್ಷ ಮೊದಲೇ ಒಂದು ಮುನ್ಸೂಚನೆ ದೊರೆತಿತ್ತು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ ಹೂಡಿದ್ದ ಮೊಕದ್ದಮೆಯಲ್ಲಿ 1973ರ ಏಪ್ರಿಲ್ 24ರಂದು ಸುಪ್ರೀಂ ಕೋರ್ಟ್ 7–6ರ ಅತ್ಯಲ್ಪ ಬಹುಮತದಿಂದ ಐತಿಹಾಸಿಕ ತೀರ್ಪಿತ್ತಿತು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಮರುದಿನವೇ ಸರ್ಕಾರ ನ್ಯಾಯಮೂರ್ತಿಗಳಾದ ಜೆ.ಎಂ. ಶೇಲತ್, ಕೆ.ಎಸ್. ಹೆಗ್ಡೆ ಮತ್ತು ಎ.ಎನ್. ಗ್ರೋವರ್ ಅವರ ಜ್ಯೇಷ್ಠತೆಯನ್ನು ಬದಿಗೊತ್ತಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ಪ್ರಕಟಿಸಿತು. ಮೂವರೂ ರಾಜೀನಾಮೆ ನೀಡಿದರು. ಇದರಲ್ಲಿ ಕಾನೂನಿನ ಯಾವ ಅಕ್ಷರವೂ ಉಲ್ಲಂಘನೆಯಾಗಿರಲಿಲ್ಲ. ಜ್ಯೇಷ್ಠತೆಯನ್ನು ಪಾಲಿಸಬೇಕೆಂದು ಸಂವಿಧಾನ ಎಲ್ಲಿಯೂ ಹೇಳಿರಲಿಲ್ಲ. ಅದೊಂದು ಸಂಪ್ರದಾಯವಾಗಿತ್ತು, ಅಷ್ಟೆ. ಸಂಪ್ರದಾಯ ಮುರಿದರೆ ದಂಡ ತೆರಬೇಕಾಗಿಲ್ಲ ಎಂಬುದು ಅಂದು ಆಳುವವರಿಗೂ ಮನವರಿಕೆಯಾಯಿತು, ನ್ಯಾಯಾಧೀಶರಿಗೂ ಮನವರಿಕೆಯಾಯಿತು.

1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ ಅವರು ರಾಯಬರೇಲಿ ಕ್ಷೇತ್ರದಿಂದ ಇಂದಿರಾ ಗಾಂಧಿಯವರು 1971ರಲ್ಲಿ ಪಡೆದಿದ್ದ ಗೆಲುವನ್ನು ಅಸಿಂಧುಗೊಳಿಸಿದರು. ಆಧಾರವಾದ ಕಾರಣಗಳನ್ನು ಗಮನಿಸಬೇಕು. ಪ್ರಧಾನಿಯವರ ಸಚಿವಾಲಯದ ಒಬ್ಬ ಗೆಜೆಟೆಡ್ ಅಧಿಕಾರಿ, ರಾಜೀನಾಮೆ ಜಾರಿಗೆ ಬರುವ ಮೊದಲೇ ಚುನಾವಣಾ ಕೆಲಸದಲ್ಲಿ ತೊಡಗಿದ್ದರು. ಉತ್ತರ ಪ್ರದೇಶದ ಅಧಿಕಾರಿಗಳು ಚುನಾವಣಾ ಸಭೆಗಳಿಗೆ ವೇದಿಕೆ ನಿರ್ಮಿಸಿ, ಧ್ವನಿವರ್ಧಕಗಳಿಗೆ ವಿದ್ಯುತ್ ಒದಗಿಸಿಕೊಟ್ಟಿದ್ದರು. ಇವು ಕ್ಷುಲ್ಲಕ ತಪ್ಪುಗಳೆಂದು ಅಂದು ಅನೇಕರು ಹೇಳಿದರು. ಇಂದಿಗೂ ಹೇಳುವವರಿದ್ದಾರೆ. ಆದರೆ ಸರ್ಕಾರಕ್ಕೂ ಪಕ್ಷಕ್ಕೂ ನಡುವಣ ಗೆರೆ ಅಳಿಸಿಹೋಗುವುದು ಇಂಥ ಚಿಕ್ಕ ಉಪಕಾರಗಳಿಂದಲೇ. ವೇದಿಕೆ ಕಟ್ಟಿಸಿಕೊಟ್ಟ ಅಧಿಕಾರಿ ‘ಇದು ನನ್ನ ಕೆಲಸವಲ್ಲ’ ಎಂದಿದ್ದರೆ ಆ ಮೊಕದ್ದಮೆಯ ಅರ್ಧ ಭಾಗ ಇರುತ್ತಲೇ ಇರಲಿಲ್ಲ.

ಜೂನ್ 24ರಂದು ಸುಪ್ರೀಂ ಕೋರ್ಟಿನ ರಜಾಕಾಲದ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಷರತ್ತುಬದ್ಧ ತಡೆಯಾಜ್ಞೆ ನೀಡಿದರು. ಪ್ರಧಾನಿಯಾಗಿ ಮುಂದುವರಿಯಬಹುದಿತ್ತು, ಲೋಕಸಭೆಯಲ್ಲಿ ಮತ ಹಾಕುವಂತಿರಲಿಲ್ಲ. ಮರುದಿನ ಸಂಜೆ ರಾಮಲೀಲಾ ಮೈದಾನದ ಸಭೆಯಲ್ಲಿ ಜಯಪ್ರಕಾಶ ನಾರಾಯಣರು ಅಕ್ರಮ ಆದೇಶಗಳನ್ನು ಪಾಲಿಸಬೇಡಿರೆಂದು ಪೊಲೀಸರಿಗೂ ಸೈನಿಕರಿಗೂ ಕರೆ ಕೊಟ್ಟರು. ಆ ಕರೆಯ ಔಚಿತ್ಯವನ್ನು ಪ್ರಶ್ನಿಸಬಹುದು. 1974ರ ರೈಲ್ವೆ ಮುಷ್ಕರ, ಗುಜರಾತ್ ಹಾಗೂ ಬಿಹಾರದ ಚಳವಳಿಗಳು, ಹಣದುಬ್ಬರ ಇವೆಲ್ಲ ಸೇರಿ ದೇಶ ಅಶಾಂತವಾಗಿತ್ತೆಂಬುದೂ ನಿಜ. ಆದರೆ ಷಾ ಆಯೋಗ ಮುಂದೆ ಅಧಿಕೃತ ದಾಖಲೆಗಳನ್ನು ಪರಿಶೀಲಿಸಿದಾಗ, ಕಾನೂನು ಮತ್ತು ಸುವ್ಯವಸ್ಥೆ ಕುಸಿದಿದೆಯೆಂದು ಗೃಹ ಸಚಿವಾಲಯಕ್ಕಾಗಲಿ ಗುಪ್ತಚರ ದಳಕ್ಕಾಗಲಿ ಅನಿಸಿದ್ದಕ್ಕೆ ಒಂದು ವರದಿಯೂ ಸಿಗಲಿಲ್ಲ. ಕ್ಷೋಭೆ ದೇಶದಲ್ಲಿದ್ದುದಕ್ಕಿಂತ ಹೆಚ್ಚಾಗಿ ಒಂದು ಹುದ್ದೆಯ ಭವಿಷ್ಯದ ಬಗ್ಗೆ ಇತ್ತು.

ಆ ರಾತ್ರಿಯ ಕಡತ ಆಡಳಿತಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಓದಬೇಕಾದದ್ದು. ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಅವರಿಗೆ ಪ್ರಧಾನಿ ಬರೆದ ಪತ್ರದಲ್ಲಿ, ವಿಷಯವನ್ನು ಸಚಿವ ಸಂಪುಟದ ಮುಂದಿಡಲು ಆ ರಾತ್ರಿ ಸಾಧ್ಯವಾಗುತ್ತಿಲ್ಲವೆಂದೂ, ಸರ್ಕಾರಿ ಕಾರ್ಯನಿರ್ವಹಣಾ ನಿಯಮಗಳ 12ನೇ ನಿಯಮದಡಿ ಅದಕ್ಕೆ ವಿನಾಯಿತಿ ಬಳಸುತ್ತಿರುವುದಾಗಿಯೂ ಹೇಳಲಾಗಿತ್ತು. ಆ ನಿಯಮ 1961ರಿಂದ ಇದೆ; ತುರ್ತು ಸಂದರ್ಭದಲ್ಲಿ ಆಡಳಿತ ನಿಲ್ಲಬಾರದೆಂಬ ಸದುದ್ದೇಶದ ನಿಯಮ. ಅದರ ಆಸರೆಯಲ್ಲಿ ಅರವತ್ತು ಕೋಟಿ ಜನರ ಹಕ್ಕುಗಳ ಪ್ರಶ್ನೆಯನ್ನು ಸಂಪುಟದ ಗಮನಕ್ಕೆ ತಾರದೆ ತೀರ್ಮಾನಿಸಲಾಯಿತು. ರಾಷ್ಟ್ರಪತಿಯವರು ಮಧ್ಯರಾತ್ರಿಗೆ ಸ್ವಲ್ಪ ಮುನ್ನ ಅಂಕಿತ ಹಾಕಿದರು. ‘ಸಂಪುಟ ಸೇರಲಿ, ಬೆಳಗಿನವರೆಗೆ ಕಾಯೋಣ’ ಎಂದು ಹೇಳುವ ಅವಕಾಶ ಅವರಿಗಿತ್ತು. ಅವರು ಹಾಗೆ ಹೇಳಲಿಲ್ಲ.

ಬೆಳಿಗ್ಗೆ ಆರು ಗಂಟೆಗೆ ಸಂಪುಟ ಸೇರಿತು. ಅಷ್ಟರಲ್ಲಿ ಬಂಧನಗಳು ನಡೆದುಹೋಗಿದ್ದವು. ಪಾಕಿಸ್ತಾನ ಯುದ್ಧದ ಕಾಲದಲ್ಲಿ, 1971ರ ಡಿಸೆಂಬರ್‌ನಲ್ಲಿ ಘೋಷಿಸಿದ್ದ ತುರ್ತು ಪರಿಸ್ಥಿತಿ ಇನ್ನೂ ಜಾರಿಯಲ್ಲಿರುವಾಗ ಮತ್ತೊಂದರ ಅಗತ್ಯವೇನೆಂಬ ಪ್ರಶ್ನೆಯನ್ನು ರಕ್ಷಣಾ ಸಚಿವ ಸ್ವರಣ್ ಸಿಂಗ್ ಎತ್ತಿದರು. ಉಳಿದವರು ಮೌನವಾಗಿ ಅನುಮೋದಿಸಿದರು. ಅದೇ ವರ್ಷ ಮುಗಿಯುವ ಮೊದಲು ಸ್ವರಣ್ ಸಿಂಗ್ ಸಂಪುಟದಲ್ಲಿರಲಿಲ್ಲ.

ಪತ್ರಿಕಾಲಯಗಳ ವಿದ್ಯುತ್ ಕಡಿತದ ಕಥೆಯೂ ಹೀಗೆಯೇ. ದೆಹಲಿಯ ಬಹಾದುರ್ ಷಾ ಜಫರ್ ಮಾರ್ಗದ ಮುದ್ರಣಾಲಯಗಳಿಗೆ ಅಂದು ರಾತ್ರಿ ವಿದ್ಯುತ್ ನಿಂತಿತು. ವಿದ್ಯುತ್ ಸಂಸ್ಥೆಯ ಮುಖ್ಯಸ್ಥರಿಗೆ ಬಂದದ್ದು ಕೇವಲ ಮೌಖಿಕ ಆದೇಶ. ಲಿಖಿತ ಆದೇಶ ಬೇಕೆಂಬ ಒಂದು ವಾಕ್ಯ ಅಂದಿನ ಇತಿಹಾಸವನ್ನು ಬದಲಿಸುತ್ತಿತ್ತೆಂದು ನಾನು ಹೇಳಲಾರೆ. ಆದರೆ ಬರೆಯಲು ಕೈ ಹಿಂಜರಿಯುವ ಆದೇಶಗಳೇ ಬಾಯಿಮಾತಿನಲ್ಲಿ ಬರುತ್ತವೆಂಬುದು ಸರ್ಕಾರಿ ಸೇವೆಯಲ್ಲಿದ್ದವರಿಗೆಲ್ಲ ಗೊತ್ತು.

ಕಾರ್ಯಾಂಗ ಹೀಗೆ ಬಾಗಿದರೆ ಸಂಸತ್ತು ಏನು ಮಾಡಿತು? ಜುಲೈನಲ್ಲಿ ಅಧಿವೇಶನ ಸೇರಿದಾಗ ವಿರೋಧ ಪಕ್ಷಗಳ ಅನೇಕ ಸದಸ್ಯರು ಜೈಲಿನಲ್ಲಿದ್ದರು. ಪ್ರಶ್ನೋತ್ತರ ವೇಳೆ ರದ್ದಾಯಿತು. ತುರ್ತು ಪರಿಸ್ಥಿತಿಯ ಘೋಷಣೆಯನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿಲ್ಲವೆಂದು 38ನೇ ತಿದ್ದುಪಡಿ ಸಾರಿತು. ಪ್ರಧಾನಿಯವರ ಚುನಾವಣೆಯನ್ನು ನ್ಯಾಯಾಲಯದ ವ್ಯಾಪ್ತಿಯಿಂದ ಹೊರಗಿಡುವ 39ನೇ ತಿದ್ದುಪಡಿಯ ವೇಗವನ್ನು ನೋಡಿ: ಆಗಸ್ಟ್ 7ರಂದು ಲೋಕಸಭೆ, 8ರಂದು ರಾಜ್ಯಸಭೆ, 9ರಂದು ರಾಜ್ಯ ವಿಧಾನಮಂಡಲಗಳ ಅನುಮೋದನೆ, 10ರಂದು, ಅದೂ ಭಾನುವಾರ, ರಾಷ್ಟ್ರಪತಿಯವರ ಅಂಕಿತ. ಸುಪ್ರೀಂ ಕೋರ್ಟಿನಲ್ಲಿ ಪ್ರಧಾನಿಯವರ ಮೇಲ್ಮನವಿಯ ವಿಚಾರಣೆ ಇದ್ದದ್ದು 11ರಂದು. ಒಬ್ಬ ರೈತನ ಪಹಣಿ ತಿದ್ದುಪಡಿಗೂ ಇದಕ್ಕಿಂತ ಹೆಚ್ಚು ದಿನ ಹಿಡಿಯುತ್ತದೆ. ಇಷ್ಟಕ್ಕೂ ನಿಲ್ಲದೆ, ಪ್ರಧಾನಿ, ರಾಷ್ಟ್ರಪತಿ ಮತ್ತು ರಾಜ್ಯಪಾಲರಿಗೆ ಜೀವನಪರ್ಯಂತ ಕ್ರಿಮಿನಲ್ ಮೊಕದ್ದಮೆಯಿಂದ ರಕ್ಷಣೆ ಕೊಡುವ ಮತ್ತೊಂದು ಮಸೂದೆಯನ್ನೂ ರಾಜ್ಯಸಭೆ ಅಂಗೀಕರಿಸಿತು. ಅದು ಲೋಕಸಭೆಗೆ ಬರಲೇ ಇಲ್ಲ ಎಂಬುದಷ್ಟೇ ಸಮಾಧಾನ.

ಮುಂದಿನ ವರ್ಷದ 42ನೇ ತಿದ್ದುಪಡಿ ಲೋಕಸಭೆಯ ಅವಧಿಯನ್ನು ಐದರಿಂದ ಆರು ವರ್ಷಕ್ಕೆ ಏರಿಸಿತು. ಸಂವಿಧಾನ ತಿದ್ದುಪಡಿಗಳನ್ನು ನ್ಯಾಯಾಲಯಗಳು ಪರಿಶೀಲಿಸುವಂತಿಲ್ಲವೆಂದು ಬರೆಯಿತು. ಮತದಾರರ ಅನುಮತಿಯಿಲ್ಲದೆ ತನ್ನ ಆಯುಷ್ಯವನ್ನು ತಾನೇ ಹೆಚ್ಚಿಸಿಕೊಂಡ ಸದನ ಸಾರ್ವಭೌಮತ್ವದ ಮಾತಾಡುತ್ತಿತ್ತು. ಎಲ್ಲವೂ ಮೂರನೇ ಎರಡರಷ್ಟು ಬಹುಮತದಿಂದ, ನಿಯಮಾನುಸಾರವಾಗಿಯೇ ನಡೆಯಿತು.

ಇನ್ನು ನ್ಯಾಯಾಂಗ. ಕರ್ನಾಟಕದ ಪಾಲು ಇಲ್ಲಿ ಸ್ಮರಣೀಯವಾದುದು. ಸಂಸದೀಯ ಸಮಿತಿಯ ಕೆಲಸಕ್ಕಾಗಿ ಬೆಂಗಳೂರಿಗೆ ಬಂದಿದ್ದ ಅಟಲ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ ಮತ್ತು ಶ್ಯಾಮನಂದನ ಮಿಶ್ರ ಅವರನ್ನು ಜೂನ್ 26ರಂದು ಇಲ್ಲಿಯೇ ಬಂಧಿಸಲಾಯಿತು. ಅವರ ಹೇಬಿಯಸ್ ಕಾರ್ಪಸ್ ಅರ್ಜಿಗಳು ಕರ್ನಾಟಕ ಹೈಕೋರ್ಟಿನ ಮುಂದೆ ಬಂದವು. ಹಕ್ಕುಗಳು ಅಮಾನತಿನಲ್ಲಿರುವಾಗ ಇಂಥ ಅರ್ಜಿಗಳೇ ನಿಲ್ಲುವುದಿಲ್ಲವೆಂಬ ಸರ್ಕಾರದ ವಾದವನ್ನು ಇಲ್ಲಿನ ನ್ಯಾಯಾಲಯ ಒಪ್ಪಲಿಲ್ಲ. ದೇಶದ ಒಟ್ಟು ಒಂಬತ್ತು ಹೈಕೋರ್ಟುಗಳು ಇದೇ ನಿಲುವು ತಳೆದವು. ಅರ್ಜಿಗಳನ್ನು ಕೇಳಿದ ನ್ಯಾಯಮೂರ್ತಿಗಳಲ್ಲಿ ಡಿ.ಎಂ. ಚಂದ್ರಶೇಖರ್ ಅವರನ್ನು ಮರುವರ್ಷ ಅಲಹಾಬಾದಿಗೂ ಎಂ. ಸದಾನಂದಸ್ವಾಮಿ ಅವರನ್ನು ಗುವಾಹಟಿಗೂ ವರ್ಗ ಮಾಡಲಾಯಿತು. ಇವರೂ ಸೇರಿದಂತೆ 1976ರಲ್ಲಿ ಹದಿನಾರು ಹೈಕೋರ್ಟ್ ನ್ಯಾಯಮೂರ್ತಿಗಳು ವರ್ಗಗೊಂಡರು.

ಒಂಬತ್ತು ಹೈಕೋರ್ಟುಗಳ ತೀರ್ಪುಗಳನ್ನು ಸುಪ್ರೀಂ ಕೋರ್ಟ್ 1976ರ ಏಪ್ರಿಲ್ 28ರಂದು 4–1ರ ಬಹುಮತದಿಂದ ತಳ್ಳಿಹಾಕಿತು. ಎಡಿಎಂ ಜಬಲ್ಪುರ ಪ್ರಕರಣವೆಂದೇ ಹೆಸರಾದ ಇದರ ಶೀರ್ಷಿಕೆಯಲ್ಲಿ ಹೆಚ್ಚುವರಿ ಜಿಲ್ಲಾ ಮ್ಯಾಜಿಸ್ಟ್ರೇಟರ ಹುದ್ದೆ ಶಾಶ್ವತವಾಗಿ ಉಳಿದುಬಿಟ್ಟಿದೆ. ವಾದದ ವೇಳೆ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರು ಅಟಾರ್ನಿ ಜನರಲ್ ನಿರೇನ್ ಡೇ ಅವರನ್ನು ಜೀವಿಸುವ ಹಕ್ಕಿನ ಬಗ್ಗೆ ಕೇಳಿದರು. ಒಬ್ಬ ಅಧಿಕಾರಿ ದುರುದ್ದೇಶದಿಂದ ಪ್ರಜೆಯೊಬ್ಬನ ಪ್ರಾಣ ತೆಗೆದರೂ, ತುರ್ತು ಪರಿಸ್ಥಿತಿ ಇರುವವರೆಗೆ ನ್ಯಾಯಾಲಯದಲ್ಲಿ ಪರಿಹಾರವಿಲ್ಲವೆಂಬುದೇ ಅದಕ್ಕೆ ಬಂದ ಉತ್ತರದ ತಾತ್ಪರ್ಯ. ಆ ಉತ್ತರ ಕೇಳಿಯೂ ನಾಲ್ವರು ಸರ್ಕಾರದ ಪರ ನಿಂತರು. ಭಿನ್ನಮತದ ತೀರ್ಪು ಬರೆದ ಖನ್ನಾ ಅವರಿಗೆ 1977ರ ಜನವರಿಯಲ್ಲಿ ಮುಖ್ಯ ನ್ಯಾಯಮೂರ್ತಿ ಸ್ಥಾನ ತಪ್ಪಿತು. ಅವರು ರಾಜೀನಾಮೆಯಿತ್ತು ಹೊರನಡೆದರು.

ನನ್ನದೇ ವೃತ್ತಿಬಾಂಧವರ ಪಾತ್ರವನ್ನು ಮರೆಮಾಚುವುದು ಸಲ್ಲದು. ಷಾ ಆಯೋಗದ ಪ್ರಕಾರ ಮೀಸಾ ಕಾಯ್ದೆಯಡಿ 34,988 ಮಂದಿ, ಭಾರತ ರಕ್ಷಣಾ ನಿಯಮಗಳಡಿ 75,818 ಮಂದಿ ಬಂಧಿತರಾದರು. ಮೀಸಾದ ಪ್ರತಿಯೊಂದು ಬಂಧನಕ್ಕೂ ಒಬ್ಬ ಅಧಿಕಾರಿ ತನ್ನ ‘ಮನವರಿಕೆ’ಯನ್ನು ದಾಖಲಿಸಬೇಕಿತ್ತು. ಅಂದರೆ 34,988 ಸಲ ಯಾರೋ ಒಬ್ಬ ಅಧಿಕಾರಿಯ ಲೇಖನಿ ಕಾಗದವನ್ನು ಮುಟ್ಟಿದೆ. ದೆಹಲಿಯಲ್ಲಿ ಸೈಕ್ಲೋಸ್ಟೈಲ್ ಮಾಡಿದ ನಮೂನೆಗಳಿಗೆ ಸಹಿ ಬಿದ್ದದ್ದನ್ನು ಆಯೋಗ ದಾಖಲಿಸಿದೆ. ಇಂಥ ಅಧಿಕಾರಿಗಳಲ್ಲಿ ಹೆಚ್ಚಿನವರು ಕ್ರೂರಿಗಳಾಗಿದ್ದರೆಂದು ನಾನು ನಂಬುವುದಿಲ್ಲ. ವರ್ಗಾವಣೆ, ಬಡ್ತಿ, ಮಕ್ಕಳ ಶಾಲೆ, ಮನೆಯ ಸಾಲ ಇವುಗಳ ಚಿಂತೆಯಲ್ಲಿದ್ದ ಸಾಮಾನ್ಯರು ಅವರು. ತುರ್ತು ಪರಿಸ್ಥಿತಿಗೆ ಎರಡು ತಿಂಗಳ ಹಿಂದೆಯೇ, ಮಾರುತಿ ಸಂಸ್ಥೆಗೆ ಸಂಬಂಧಿಸಿದ ಸಂಸತ್ ಪ್ರಶ್ನೆಗೆ ಉತ್ತರ ಸಿದ್ಧಪಡಿಸಲು ಮಾಹಿತಿ ಕಲೆಹಾಕಿದ ನಾಲ್ವರು ಅಧಿಕಾರಿಗಳು ಸಿಬಿಐ ತನಿಖೆ ಎದುರಿಸಬೇಕಾಗಿ ಬಂದಿತ್ತು. ಕರ್ತವ್ಯ ಮಾಡಿದ್ದಕ್ಕೆ ಶಿಕ್ಷೆಯಾಗುತ್ತದೆಂಬ ಸುದ್ದಿ ಸಚಿವಾಲಯಗಳ ಮೊಗಸಾಲೆಯಲ್ಲಿ ಎಷ್ಟು ಬೇಗ ಹರಡುತ್ತದೆಂಬುದು ಅಲ್ಲಿ ಓಡಾಡಿದವರಿಗೆ ಗೊತ್ತು. ಭಯ ಬಿತ್ತಲು ಲಕ್ಷ ಜನರನ್ನು ದಂಡಿಸಬೇಕಾಗಿಲ್ಲ, ನಾಲ್ವರು ಸಾಕು.

ಯಾವ ಸರ್ಕಾರಿ ಹುದ್ದೆಯನ್ನೂ ಹೊಂದಿರದ ಸಂಜಯ ಗಾಂಧಿಯವರ ಮಾತು ಆದೇಶವಾಗಿ ಜಾರಿಯಾದದ್ದು ಈ ಭಯದಿಂದಲೇ. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಗುರಿ ಇದ್ದದ್ದು ಅದರ ಸುಮಾರು ಅರ್ಧದಷ್ಟು. ಗುರಿಯನ್ನು ಮೀರುವ ಉತ್ಸಾಹ ಕೆಳಗಿನಿಂದಲೇ ಬಂದಿತ್ತು. ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ‘ಸಂಸ್ಕಾರ’ ಚಿತ್ರದ ಅಭಿನೇತ್ರಿ ಸ್ನೇಹಲತಾ ರೆಡ್ಡಿ ಎಂಟು ತಿಂಗಳು ಕಳೆದರು. ತೀವ್ರ ಆಸ್ತಮಾದಿಂದ ಬಳಲುತ್ತಿದ್ದ ಅವರನ್ನು 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಡಲಾಯಿತು. ಕೆಲವೇ ದಿನಗಳಲ್ಲಿ, ಜನವರಿ 20ರಂದು, ಅವರು ತೀರಿಕೊಂಡರು. ಅವರ ಮೇಲಿನ ಯಾವ ಆರೋಪವೂ ನ್ಯಾಯಾಲಯದಲ್ಲಿ ಸಾಬೀತಾಗಿರಲಿಲ್ಲ.

ಇಷ್ಟಾದರೂ ಆ ಕಾಲವನ್ನು ನೆನೆದು ‘ಆಗ ಬೆಲೆ ಇಳಿದಿತ್ತು, ಕಚೇರಿಗಳು ಸಮಯಕ್ಕೆ ತೆರೆಯುತ್ತಿದ್ದವು, ರೈಲು ಹೊತ್ತಿಗೆ ಸರಿಯಾಗಿ ಬರುತ್ತಿತ್ತು’ ಎನ್ನುವ ವಿದ್ಯಾವಂತರನ್ನು ನಾನು ಇಂದಿಗೂ ಭೇಟಿಯಾಗುತ್ತೇನೆ. ಅಂದು ಪಿಯುಸಿ ವಿದ್ಯಾರ್ಥಿಯಾಗಿದ್ದ ನನ್ನ ಸುತ್ತಲಿನ ಹಿರಿಯರೂ ಇದನ್ನೇ ಹೇಳುತ್ತಿದ್ದರು. ಮುಂದೆ ಅರ್ಥಶಾಸ್ತ್ರ ಓದುವಾಗ ಈ ಮಾತನ್ನು ಅಂಕಿಅಂಶಗಳ ಮುಂದಿಟ್ಟು ನೋಡುವ ಅವಕಾಶ ಸಿಕ್ಕಿತು. 1974–75ರಲ್ಲಿ ಸಗಟು ಬೆಲೆಗಳ ಸರಾಸರಿ ಏರಿಕೆ ಶೇಕಡ 25ರಷ್ಟಿತ್ತು. ಅದನ್ನು ತಡೆಯಲು 1974ರ ಜುಲೈನಲ್ಲೇ ಸರ್ಕಾರ ಹೆಚ್ಚುವರಿ ತುಟ್ಟಿಭತ್ಯೆಯ ಒಂದು ಭಾಗವನ್ನು ಕಡ್ಡಾಯ ಠೇವಣಿಗೆ ತಿರುಗಿಸಿತು, ಸಾಲ ನೀಡಿಕೆಯನ್ನು ಬಿಗಿಗೊಳಿಸಿತು. ಆ ವರ್ಷಾಂತ್ಯದ ವೇಳೆಗೆ ಬೆಲೆಗಳು ಇಳಿಮುಖವಾಗತೊಡಗಿದ್ದವು. ಅನಂತರ 1975ರ ಮಳೆಗಾಲ ಚೆನ್ನಾಗಿ ನಡೆದು, ಆಹಾರ ಧಾನ್ಯದ ಉತ್ಪಾದನೆ ಸುಮಾರು 10 ಕೋಟಿ ಟನ್‌ನಿಂದ 12 ಕೋಟಿ ಟನ್‌ಗೆ ಏರಿತು. ಬೆಲೆ ಇಳಿಸಿದ್ದು ಹಣಕಾಸು ನೀತಿ ಮತ್ತು ಮುಂಗಾರು. ಕೀರ್ತಿ ಮಾತ್ರ ಮೀಸಾಕ್ಕೆ ಹೋಯಿತು. ವಿರೋಧಿಸುವ ಪತ್ರಿಕೆ ಇಲ್ಲದಾಗ ಮಳೆಯ ಕೀರ್ತಿಯನ್ನೂ ಆಳುವವರು ಪಡೆದುಕೊಳ್ಳಬಹುದು.

1977ರ ಮಾರ್ಚ್ ಚುನಾವಣೆಯಲ್ಲಿ ಜನ ಪಾಠ ಕಲಿಸಿದರೆಂಬುದು ನಮಗೆ ಪ್ರಿಯವಾದ ಮುಕ್ತಾಯ. ಉತ್ತರ ಭಾರತದ ಮಟ್ಟಿಗೆ ಅದು ನಿಜ. ಚುನಾವಣೆ ನಡೆಸುವ ನಿರ್ಧಾರವನ್ನು ಇಂದಿರಾ ಅವರೇ ಕೈಗೊಂಡರು, ಸೋತಾಗ ಅಧಿಕಾರ ಬಿಟ್ಟು ಇಳಿದರು ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಆದರೆ ಕರ್ನಾಟಕದ 28 ಸ್ಥಾನಗಳಲ್ಲಿ 26ನ್ನು ಕಾಂಗ್ರೆಸ್ ಗೆದ್ದಿತು. ಇಲ್ಲಿ ಸಂತಾನಹರಣದ ಬಲವಂತ ಉತ್ತರದಷ್ಟು ಇರಲಿಲ್ಲ. ದೇವರಾಜ ಅರಸು ಸರ್ಕಾರದ ಭೂಸುಧಾರಣೆಯಿಂದ ಗೇಣಿದಾರರು ಭೂಮಿಯ ಒಡೆಯರಾಗುತ್ತಿದ್ದರು. ಆ ಮತದಾರನನ್ನು ದೂಷಿಸುವ ಹಕ್ಕು ಯಾರಿಗೂ ಇಲ್ಲ. ತನಗೆ ಭೂಮಿ ಕೊಟ್ಟ ಸರ್ಕಾರಕ್ಕೆ ಮತ ಕೊಟ್ಟವನದು ವಿವೇಕದ ನಡೆಯೇ. ಆದರೆ ಇದರಿಂದ ತಿಳಿಯಬೇಕಾದ ಸಂಗತಿಯೊಂದಿದೆ: ಸಂವಿಧಾನದ ರಕ್ಷಣೆಯ ಹೊಣೆಯನ್ನು ಪೂರ್ತಿಯಾಗಿ ಮತಪೆಟ್ಟಿಗೆಗೆ ಒಪ್ಪಿಸಿ ಸಂಸ್ಥೆಗಳು ನಿಶ್ಚಿಂತವಾಗಿರಲಾಗದು. ಮತದಾರ ಹಲವು ಕಾರಣಗಳಿಗೆ ಮತ ಹಾಕುತ್ತಾನೆ. ನ್ಯಾಯಾಧೀಶ, ಸಂಸದ, ಅಧಿಕಾರಿ ಇವರಿಗೆ ಮಾತ್ರ ಈ ಒಂದು ಕೆಲಸಕ್ಕೆಂದೇ ಪ್ರಮಾಣವಚನ ಬೋಧಿಸಲಾಗುತ್ತದೆ.

ಅನಂತರದ ವರ್ಷಗಳಲ್ಲಿ ಬಿರುಕುಗಳನ್ನು ಮುಚ್ಚುವ ಕೆಲಸ ಗಣನೀಯವಾಗಿ ನಡೆದಿದೆ. 1978ರ 44ನೇ ತಿದ್ದುಪಡಿ ‘ಆಂತರಿಕ ಕ್ಷೋಭೆ’ಯ ಬದಲು ‘ಸಶಸ್ತ್ರ ಬಂಡಾಯ’ ಎಂದು ಬರೆಯಿತು; ಸಂಪುಟದ ಲಿಖಿತ ಶಿಫಾರಸನ್ನು ಕಡ್ಡಾಯಗೊಳಿಸಿತು; ಒಂದು ತಿಂಗಳೊಳಗೆ ವಿಶೇಷ ಬಹುಮತದ ಅನುಮೋದನೆ ಬೇಕೆಂದಿತು; 20 ಮತ್ತು 21ನೇ ವಿಧಿಗಳ ಹಕ್ಕುಗಳನ್ನು ಯಾವ ಕಾಲಕ್ಕೂ ಅಮಾನತಿನಲ್ಲಿಡಲಾಗದಂತೆ ಮಾಡಿತು. ಬೆಂಗಳೂರಿನ ಮಿನರ್ವ ಮಿಲ್ಸ್‌ನ ಮೊಕದ್ದಮೆಯಲ್ಲಿ 1980ರಲ್ಲಿ ಸುಪ್ರೀಂ ಕೋರ್ಟ್ 42ನೇ ತಿದ್ದುಪಡಿಯ ಅತ್ಯಂತ ಅಪಾಯಕಾರಿ ಭಾಗಗಳನ್ನು ರದ್ದುಗೊಳಿಸಿತು. 1989ರಲ್ಲಿ ಸದನದಲ್ಲಿ ಬಹುಮತ ಸಾಬೀತುಪಡಿಸುವ ಅವಕಾಶವನ್ನೇ ನೀಡದೆ ವಜಾಗೊಂಡ ಎಸ್.ಆರ್. ಬೊಮ್ಮಾಯಿ ಅವರ ಪ್ರಕರಣ 1994ರ ತೀರ್ಪಿನ ಮೂಲಕ ಎಲ್ಲ ರಾಜ್ಯ ಸರ್ಕಾರಗಳಿಗೂ ರಕ್ಷಾಕವಚವಾಯಿತು. ಅದಕ್ಕೆ ಮುನ್ನ 1977ರಲ್ಲಿ ಜನತಾ ಸರ್ಕಾರ, 1980ರಲ್ಲಿ ಕಾಂಗ್ರೆಸ್ ಸರ್ಕಾರ, ತಲಾ ಒಂಬತ್ತು ರಾಜ್ಯ ವಿಧಾನಸಭೆಗಳನ್ನು ವಿಸರ್ಜಿಸಿದ್ದವು. ಈ ಚಾಳಿ ಒಂದೇ ಪಕ್ಷದ್ದಲ್ಲ. ಕಡೆಗೆ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಪ್ರಕರಣದಲ್ಲಿ, 2017ರ ಆಗಸ್ಟ್ 24ರಂದು, ಎಡಿಎಂ ಜಬಲ್ಪುರ ತೀರ್ಪು ತಪ್ಪೆಂದು ಸುಪ್ರೀಂ ಕೋರ್ಟ್ ಘೋಷಿಸಿತು. ನಾಲ್ವರಲ್ಲಿ ಒಬ್ಬರಾಗಿದ್ದ ವೈ.ವಿ. ಚಂದ್ರಚೂಡ್ ಅವರ ಪುತ್ರ ಡಿ.ವೈ. ಚಂದ್ರಚೂಡ್ ಅವರೇ ಆ ತೀರ್ಪು ಬರೆದವರಲ್ಲಿ ಪ್ರಮುಖರು. ತಪ್ಪು ತಿದ್ದಿಕೊಳ್ಳಲು ನಲವತ್ತೊಂದು ವರ್ಷ ಬೇಕಾಯಿತು.

ಆದರೆ ಬರೆದಿಟ್ಟ ರಕ್ಷಣೆಗೆ ಜೀವ ಬರುವುದು ಅದನ್ನು ಬಳಸುವವರಿಂದ. ಇದಕ್ಕೆ ಇತ್ತೀಚಿನ ನಿದರ್ಶನ ದಕ್ಷಿಣ ಕೊರಿಯಾ. 2024ರ ಡಿಸೆಂಬರ್ 3ರ ರಾತ್ರಿ ಅಲ್ಲಿನ ಅಧ್ಯಕ್ಷ ಯೂನ್ ಸುಕ್ ಯೋಲ್ ಸೇನಾಡಳಿತ ಘೋಷಿಸಿದರು. ಸಂಸತ್ ಸದಸ್ಯರು ಸೈನಿಕರ ನಡುವೆಯೇ, ಕೆಲವರು ಬೇಲಿ ಹಾರಿ, ಸದನ ಸೇರಿದರು. ಹಾಜರಿದ್ದ 190 ಮಂದಿಯೂ ಅದರ ವಿರುದ್ಧ ಮತ ಹಾಕಿದರು. ಸುಮಾರು ಆರು ಗಂಟೆಗಳಲ್ಲಿ ಸೇನಾಡಳಿತ ಹಿಂದೆ ಸರಿಯಿತು. 2025ರ ಏಪ್ರಿಲ್ 4ರಂದು ಅಧ್ಯಕ್ಷರನ್ನು ಪದಚ್ಯುತಗೊಳಿಸಿದ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಎರಡು ಸಂಗತಿಗಳನ್ನು ಎತ್ತಿ ಹೇಳಿತು. ಘೋಷಣೆಗೆ ಮುನ್ನ ಸಂಪುಟದ ಸಮಾಲೋಚನೆ ಕ್ರಮಬದ್ಧವಾಗಿ ನಡೆದಿರಲಿಲ್ಲ ಎಂಬುದು ಒಂದು. ನಾಗರಿಕರ ಪ್ರತಿರೋಧ ಮತ್ತು ಆದೇಶ ಪಾಲನೆಯಲ್ಲಿ ಸೈನಿಕರು, ಪೊಲೀಸರು ತೋರಿದ ಹಿಂಜರಿಕೆಯಿಂದಾಗಿಯೇ ಸದನ ಅಷ್ಟು ಬೇಗ ಮತ ಹಾಕಲು ಸಾಧ್ಯವಾಯಿತು ಎಂಬುದು ಇನ್ನೊಂದು. ಆ ರಾತ್ರಿ ಸಿಯೋಲ್‌ನಲ್ಲಿ ಹಿಂಜರಿದ ಸೈನಿಕನ ಹೆಸರು ಯಾರಿಗೂ ಗೊತ್ತಿಲ್ಲ. 1975ರ ದೆಹಲಿಯಲ್ಲಿ ಕೊರತೆಯಾದದ್ದು ಅಂಥ ಹಿಂಜರಿಕೆ.

ನಮ್ಮಲ್ಲಿ ಅದಕ್ಕೆ ಬೇಕಾದ ನಿಯಮಗಳು ಈಗಾಗಲೇ ಇವೆ. ಮೇಲಧಿಕಾರಿಯ ನಿರ್ದೇಶನ ಸಾಮಾನ್ಯವಾಗಿ ಲಿಖಿತವಾಗಿರಬೇಕು, ಮೌಖಿಕವಾಗಿದ್ದರೆ ಅದನ್ನು ಬರವಣಿಗೆಯಲ್ಲಿ ದೃಢಪಡಿಸಬೇಕು ಎಂದು ಅಖಿಲ ಭಾರತ ಸೇವೆಗಳ ನಡತೆ ನಿಯಮಗಳು ಹೇಳುತ್ತವೆ. 2013ರ ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿದೆ. ಆದರೂ ಫೋನಿನ ಆಡಳಿತ ಎಷ್ಟು ವ್ಯಾಪಕವೆಂಬುದನ್ನು ಸೇವೆಯಲ್ಲಿರುವ ಯಾವ ಅಧಿಕಾರಿಯೂ ಅಲ್ಲಗಳೆಯಲಾರ. ನಾನು ಸೇವೆಗೆ ಸೇರಿದ ಹೊಸತರಲ್ಲಿ ಹಿರಿಯ ಅಧಿಕಾರಿಯೊಬ್ಬರು ಕಲಿಸಿದ ಪದ್ಧತಿಯನ್ನು ಕೊನೆಯವರೆಗೂ ಪಾಲಿಸಿದೆ. ಮೇಲಿನಿಂದ ದೂರವಾಣಿ ಕರೆ ಬಂದರೆ ದಿನಾಂಕ, ಸಮಯ, ಹೇಳಿದ ಮಾತು ಇವಿಷ್ಟನ್ನೂ ಕಡತದ ಟಿಪ್ಪಣಿಯಲ್ಲಿ ಬರೆದು, ಅದರ ಪ್ರತಿಯನ್ನು ಮಾಹಿತಿಗಾಗಿ ಅವರಿಗೇ ಕಳುಹಿಸುವುದು. ಇದಕ್ಕೆ ವೀರತನ ಬೇಕಾಗಿಲ್ಲ. ಹತ್ತರಲ್ಲಿ ಆರು ಸಲ ಆ ವಿಷಯದ ಎರಡನೇ ಕರೆ ಬರುತ್ತಿರಲಿಲ್ಲ.

ಮಧ್ಯಮವರ್ಗದ ನಾವೂ ಒಂದು ಪ್ರಶ್ನೆ ಕೇಳಿಕೊಳ್ಳಬೇಕಾಗಿದೆ. ಬೇಗ ಕೆಲಸ ಮಾಡುವ, ವಿರೋಧಿಗಳ ಬಾಯಿ ಮುಚ್ಚಿಸುವ, ಕೋರ್ಟು–ಸದನಗಳ ಜಂಜಾಟ ತಪ್ಪಿಸುವ ನಾಯಕನಿಗಾಗಿ ಹಂಬಲಿಸುವುದು ನಮ್ಮಲ್ಲಿಯೇ ಹೆಚ್ಚು. ನಮಗೆ ಮೆಚ್ಚಿನವರು ಅಧಿಕಾರದಲ್ಲಿರುವಾಗ ವಿನಾಯಿತಿಗಳನ್ನು ಒಪ್ಪುತ್ತೇವೆ, ಮೆಚ್ಚದವರು ಬಂದಾಗ ಸಂವಿಧಾನವನ್ನು ನೆನೆಯುತ್ತೇವೆ. ಆದರೆ ಒಬ್ಬರಿಗಾಗಿ ತೆರೆದ ಬಾಗಿಲಿನಿಂದ ಮತ್ತೊಬ್ಬರೂ ಒಳಬರುತ್ತಾರೆ. ಯಾವುದೇ ಪಕ್ಷದ ಯಾವುದೇ ನಾಯಕನ ಅವಸರದ ತೀರ್ಮಾನವನ್ನು ಅಳೆಯಲು ಮೂರು ಪ್ರಶ್ನೆಗಳು ಸಾಕು: ಇದು ಸಂಪುಟದ ಮುಂದೆ ಬಂದಿತ್ತೇ? ಸದನದಲ್ಲಿ ವಿರೋಧಿಗಳು ಮಾತಾಡುವ ಅವಕಾಶವಿತ್ತೇ? ನೊಂದವನು ನ್ಯಾಯಾಲಯದ ಬಾಗಿಲು ತಟ್ಟಬಹುದೇ? 1975ರಲ್ಲಿ ಮೂರಕ್ಕೂ ಉತ್ತರ ‘ಇಲ್ಲ’ ಎಂದಾಗಿತ್ತು. ಮೂರನ್ನೂ ಜೋರಾಗಿ ಕೇಳಬೇಕಾದ ಸ್ಥಾನಗಳಲ್ಲಿ ಕುಳಿತವರು ಕೇಳಲಿಲ್ಲ. ಇಂದು ಅಂಥ ಸ್ಥಾನಗಳಲ್ಲಿ ಇರುವವರು, ನಾಳೆ ಅಲ್ಲಿಗೆ ಹೋಗಬೇಕೆಂದು ಪರೀಕ್ಷೆಗಳಿಗೆ ಓದುತ್ತಿರುವವರು ಷಾ ಆಯೋಗದ ವರದಿಯನ್ನು ಒಮ್ಮೆಯಾದರೂ ಓದಲಿ.